ಸಂಬಳ ಕೇಳಲು ಸಂಕೋಚ ಯಾಕೆ?

ಊರಿನ ಮಕ್ಕಳ ಗ್ರಂಥಾಲಯಕ್ಕೆ ಒಂದು ಕುಟುಂಬದ ಟ್ರಸ್ಟ್ ಪುಸ್ತಕ, ಕಂಪ್ಯೂಟರ್ ಎಲ್ಲ ಕೊಟ್ಟಿತು, ಆದರೆ ಅದನ್ನು ನೋಡಿಕೊಳ್ಳುವ ಹುಡುಗಿಗೆ ಸಂಬಳ ಕೇಳಿದಾಗ "ಅದು ಆಡಳಿತ ವೆಚ್ಚ, ಕಾನೂನಿನಲ್ಲಿ ಅವಕಾಶ ಇಲ್ಲ" ಅಂದರು ಅಂತ ಬರೆದಿದ್ದೀರಿ. ಮತ್ತೆ ಕೇಳಿದರೆ ದುರಾಸೆ ಅಂದುಕೊಳ್ಳುತ್ತಾರಾ ಅನ್ನೋದು ನಿಮ್ಮ ಪ್ರಶ್ನೆ.

ದಯವಿಟ್ಟು ಕೇಳಿ. ಬೀಗ ತೆಗೆಯುವವರೇ ಇಲ್ಲದಿದ್ದರೆ ಆ ಪುಸ್ತಕ ಓದುವವರು ಯಾರು?

ಕಾನೂನಿನ ಮಾತಿಗೆ ಬರೋಣ, ಇಲ್ಲೇ ಗೊಂದಲ ಜಾಸ್ತಿ. ಆಡಳಿತಕ್ಕೆ ಶೇ. 20ರ ಮಿತಿ ಇರುವುದು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿಯಲ್ಲಿ ಬರುವ ವಿದೇಶಿ ಹಣಕ್ಕೆ. 2020ರ ತಿದ್ದುಪಡಿಗೆ ಮೊದಲು ಅದು ಶೇ. 50 ಇತ್ತು. ಅಲ್ಲಿ ಕೂಡ ಶಾಲೆಯ ಶಿಕ್ಷಕರು, ಆಸ್ಪತ್ರೆಯ ವೈದ್ಯರ ಸಂಬಳವನ್ನು ಆಡಳಿತ ವೆಚ್ಚ ಅಂತ ಲೆಕ್ಕ ಹಾಕುವುದಿಲ್ಲ, ಯಾಕೆಂದರೆ ಸಂಸ್ಥೆಯ ಕೆಲಸವೇ ಅದು. ಇನ್ನು ಸಿಎಸ್‌ಆರ್‌ನ, ಅಂದರೆ ಕಂಪನಿಗಳು ಕಾನೂನಿನ ಪ್ರಕಾರ ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣದ, ಶೇ. 5ರ ಮಿತಿ ಹಣ ಕೊಡುವ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ, ನಿಮ್ಮಂಥ ಸಂಸ್ಥೆಯ ಖರ್ಚಿಗಲ್ಲ. ನಮ್ಮ ದೇಶದ ಒಂದು ಕುಟುಂಬ ತನ್ನದೇ ಹಣ ಕೊಡುವಾಗ ಇವೆರಡೂ ಅಡ್ಡ ಬರುವುದಿಲ್ಲ. ಹಾಗಾಗಿ ಅದು ಆ ಟ್ರಸ್ಟಿನ ತೀರ್ಮಾನ, ಮಾತಾಡಿದರೆ ಬದಲಾಗಬಹುದು.

ಕೊಡುವವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಕಂಪ್ಯೂಟರ್ ಕಣ್ಣಿಗೆ ಕಾಣುತ್ತದೆ, ಫೋಟೋ ತೆಗೆಯಬಹುದು. ಸಂಬಳ ಪ್ರತಿ ತಿಂಗಳೂ ಬೇಕು, ಒಮ್ಮೆ ಶುರು ಮಾಡಿದರೆ ನಿಲ್ಲಿಸುವುದು ಹೇಗೆ ಅನ್ನೋ ಭಯ ಇರುತ್ತದೆ. ಆದರೂ ಸಂಸ್ಥೆಯನ್ನು ನಂಬಿ ಕೊಡುವವರು ಇದ್ದಾರೆ. ಅಮೆರಿಕದ ದೊಡ್ಡ ದಾನಿ ಮೆಕೆಂಜಿ ಸ್ಕಾಟ್ 2020ರ ಡಿಸೆಂಬರ್‌ನಲ್ಲಿ 384 ಸಂಸ್ಥೆಗಳಿಗೆ 400 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟಿದ್ದಾಗಿ ಹೇಳಿದರು. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋದನ್ನು ಸಂಸ್ಥೆಗಳಿಗೇ ಬಿಟ್ಟರು. ಸಂಬಳಕ್ಕಾಗಲಿ, ಬಾಡಿಗೆಗಾಗಲಿ, ಮುಂದಿನ ವರ್ಷಕ್ಕೆ ಎತ್ತಿಡುವುದಕ್ಕಾಗಲಿ. ನನ್ನ ಪ್ರಕಾರ ದುಡ್ಡಿನ ಮೊತ್ತಕ್ಕಿಂತ ಆ ನಂಬಿಕೆ ದೊಡ್ಡದು.

ಈ ಸಲ ಅರ್ಜಿಯಲ್ಲಿ "ಆಡಳಿತ" ಅಂತ ಒಂದೇ ಸಾಲು ಬರೆದು ಬಿಡಬೇಡಿ. ಗ್ರಂಥಾಲಯ ನೋಡಿಕೊಳ್ಳುವವರ ಸಂಬಳ, ಕರೆಂಟು ಬಿಲ್ಲು, ಆಡಿಟರ್ ಫೀಸು ಅಂತ ಬೇರೆ ಬೇರೆ ತೋರಿಸಿ. ಆ ಹುಡುಗಿ ದಿನಕ್ಕೆ ಎಷ್ಟು ಹೊತ್ತು ಇರುತ್ತಾಳೆ, ಎಷ್ಟು ಮಕ್ಕಳು ಬರುತ್ತಾರೆ, ಅವಳು ರಜೆ ಹಾಕಿದ ದಿನ ಏನಾಗುತ್ತದೆ, ಇದನ್ನೆಲ್ಲ ಸುಮ್ನೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ಒಂದು ವರ್ಷಕ್ಕೆ ಕೇಳಬೇಡಿ, ಮೂರು ವರ್ಷಕ್ಕೆ ಕೇಳಿ. ಆಮೇಲೆ ಪಂಚಾಯಿತಿಯಿಂದ, ಊರವರಿಂದ ಎಷ್ಟು ಹೊಂದಿಸಬಹುದು ಅನ್ನೋದನ್ನೂ ಸೇರಿಸಿದರೆ ಅವರ ಭಯ ಅರ್ಧ ಕಡಿಮೆಯಾಗುತ್ತದೆ.

ಕಳಿಸುವ ಮೊದಲು ಬಜೆಟ್ ಪುಟವನ್ನು ನಮಗೂ ಕಳಿಸಿ, ನೋಡಿ ಹೇಳುತ್ತೇನೆ.

– ಸಂ.