ಮಗ ನೇವಿ ಟ್ರೇನಿಂಗ್‌ಗೆ ಹೊರಟಿದ್ದಾನೆ, ಮನೆಯವರು ಏನು ಮಾಡಬೇಕು?

ಅಕ್ಕಾರೆ, ನಿಮ್ಮ ಪ್ರಶ್ನೆ ಓದಿದೆ. ಮಗ ಪಿಯುಸಿ ಸೈನ್ಸ್ ಮುಗಿಸಿ ನೇವಿಯಲ್ಲಿ ಅಗ್ನಿವೀರ್ ಎಸ್‌ಎಸ್‌ಆರ್‌ಗೆ, ಅಂದರೆ ಪಿಯುಸಿ ಓದಿದವರನ್ನು ನಾಲ್ಕು ವರ್ಷಕ್ಕೆ ತೆಗೆದುಕೊಳ್ಳುವ ನಾವಿಕರ ಹುದ್ದೆಗೆ, ಆಯ್ಕೆಯಾಗಿದ್ದಾನೆ. ಮುಂದಿನ ತಿಂಗಳು ತರಬೇತಿಗೆ ಒಡಿಶಾದ ಚಿಲ್ಕಾಗೆ ಹೊರಡಬೇಕು. ಸಿಂಧನೂರು ಕಡೆಯ ನಿಮ್ಮ ಮನೆತನದಲ್ಲಿ ಮಿಲಿಟರಿ ಸೇರಿದವರು ಯಾರೂ ಇಲ್ಲ. ಅವನ ಬೆನ್ನಿಗೆ ನಿಲ್ಲೋದು ಅಂದ್ರೆ ನಾವು ಏನು ಮಾಡಬೇಕು, ಏನು ಮಾಡಬಾರದು ಅಂತ ಕೇಳಿದ್ದೀರಿ. ಜೊತೆಗೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗೆ ಕೊಡುವ 371ಜೆ ಸರ್ಟಿಫಿಕೇಟ್ ಬೇಕಾ ಅಂತಲೂ ಕೇಳಿದ್ದೀರಿ.

ನಮ್ಮದು ಕೊಪ್ಪಳ. ಮೋಟಾರ್ ರೀವೈಂಡಿಂಗ್ ಅಂಗಡಿ ಇದೆ. ನನ್ನ ಮಗಳು ಇದೇ ಎಸ್‌ಎಸ್‌ಆರ್‌ನಲ್ಲಿ ಹೋದವಳು. ಚಿಲ್ಕಾ ಮುಗಿಸಿ ಈಗ ಮುಂದಿನ ತರಬೇತಿಯಲ್ಲಿದ್ದಾಳೆ. ನನಗೆ ಗೊತ್ತಿರುವುದು ಅಪ್ಪನ ಕಡೆಯಿಂದ ಕಂಡಷ್ಟು, ಅಷ್ಟನ್ನೇ ಹೇಳುತ್ತೇನೆ.

ನೇರವಾಗಿ ಹೇಳಿಬಿಡುತ್ತೇನೆ, ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕಿಸಬೇಡಿ. ಸನ್ಮಾನ, ಹಾರ, ಡಿಜೆ ಯಾವುದೂ ಈಗ ಬೇಡ. ಚಿಲ್ಕಾ ತಲುಪಿದ ಮೇಲೆ ಅಲ್ಲಿ ಕೊನೆಯ ಮೆಡಿಕಲ್ ಒಂದು ಬಾಕಿ ಇರುತ್ತದೆ. ಅದು ಪಾಸಾದ ಮೇಲೆಯೇ ಸೇರ್ಪಡೆ ಪಕ್ಕಾ. ಅಲ್ಲಿ ಅನ್‌ಫಿಟ್ ಅಂತ ಬರೆಸಿಕೊಂಡು ವಾಪಸ್ ಬರುವ ಮಕ್ಕಳೂ ಇರುತ್ತಾರೆ. ಊರ ತುಂಬ ಫೋಟೊ ಹಾಕಿಸಿ ಕಳಿಸಿದರೆ, ಹಾಗೊಂದು ವೇಳೆ ವಾಪಸ್ ಬರಬೇಕಾದ ಹುಡುಗ ಯಾವ ಮುಖದಲ್ಲಿ ಬಸ್ ಇಳಿಯಬೇಕು? ಸಂಬಂಧಿಕರು ಒತ್ತಾಯ ಮಾಡುತ್ತಾರೆ, ನಮಗೂ ಮಾಡಿದರು. ತರಬೇತಿ ಮುಗಿದು ಪಾಸಿಂಗ್ ಔಟ್ ಆಗಲಿ, ಊರಿಗೇ ಊಟ ಹಾಕಿಸೋಣ ಅಂದೆ. ಹಾಕಿಸಿದೆ ಕೂಡ.

ಈ ಒಂದು ತಿಂಗಳನ್ನು ಆ ಮೆಡಿಕಲ್‌ಗಾಗಿ ಇಟ್ಟುಕೊಳ್ಳಿ. ಕಿವಿ ಡಾಕ್ಟರ್ ಹತ್ತಿರ ಹೋಗಿ ಗುಗ್ಗೆ ತೆಗೆಸಿ. ಕಿವಿಯಲ್ಲಿ ಗುಗ್ಗೆ ತುಂಬಿದೆ ಅಂತ ನಿಂತುಹೋದವರಿದ್ದಾರೆ, ನಗಬೇಡಿ. ಆಮೇಲೆ ಹಲ್ಲು. ನಮ್ಮ ಕಡೆ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಮಕ್ಕಳ ಹಲ್ಲು ಕಂದು ತಿರುಗಿರುತ್ತದೆ. ಹುಳುಕು ಇದ್ದರೆ ತುಂಬಿಸಿ, ಕ್ಲೀನ್ ಮಾಡಿಸಿ, ದಂತವೈದ್ಯರಿಂದ ಒಂದು ಸಲ ಪೂರ್ತಿ ನೋಡಿಸಿಬಿಡಿ. ತೊಡೆ ಸಂದಿಯಲ್ಲಿ ಹುಳುಕಡ್ಡಿ ಇದ್ದರೆ ಈಗಲೇ ವಾಸಿ ಮಾಡಿಸಿ. ನಾಚಿಕೆಗೆ ಮಕ್ಕಳು ಹೇಳುವುದಿಲ್ಲ, ನೀವೇ ಕೇಳಬೇಕು. ನಮ್ಮದು ಒಣ ಬಿಸಿಲು. ಅಲ್ಲಿ ಸರೋವರದ ಪಕ್ಕ, ಸಮುದ್ರವೂ ಹತ್ತಿರ, ಮೈ ಒಣಗುವುದೇ ಇಲ್ಲ. ಸಣ್ಣ ಕಜ್ಜಿ ಅಲ್ಲಿ ದೊಡ್ಡದಾಗುತ್ತದೆ.

ಈಜಿನ ಬಗ್ಗೆ ನೀವು ಬರೆದದ್ದು ಓದಿ ಸ್ವಲ್ಪ ಗಾಬರಿಯಾಯಿತು. ಕಾಲುವೆಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾನೆ ಅಂದಿರಿ. ದಯವಿಟ್ಟು ಇವತ್ತೇ ನಿಲ್ಲಿಸಿ. ತುಂಗಭದ್ರಾ ಎಡದಂಡೆ ಕಾಲುವೆಯ ಸೆಳವು ನಿಮಗೆ ನಾನು ಹೇಳಬೇಕಾಗಿಲ್ಲ. ಬದಿ ಇಳಿಜಾರು, ಪಾಚಿ ಹಿಡಿದಿರುತ್ತದೆ, ಕೈ ಹಾಕಲು ಹಿಡಿತ ಸಿಗುವುದಿಲ್ಲ. ಚೆನ್ನಾಗಿ ಈಜು ಬಲ್ಲವರೇ ಅಲ್ಲಿ ಕೊಚ್ಚಿಹೋಗಿದ್ದಾರೆ. ಈಜು ಬಾರದವರಿಗೆ ಚಿಲ್ಕಾದಲ್ಲಿ ಕಲಿಸುತ್ತಾರೆ. ನನ್ನ ಮಗಳು ಹೋಗುವಾಗ ಅವಳಿಗೆ ನೀರೆಂದರೆ ಸ್ನಾನದ ಬಕೆಟ್ ಅಷ್ಟೇ ಗೊತ್ತು. ಕಲಿತಳು. ಹತ್ತಿರದ ಈಜುಕೊಳಕ್ಕೆ ಕಳಿಸಲು ಆದರೆ ಒಳ್ಳೆಯದು, ಆಗದಿದ್ದರೆ ಸುಮ್ನೆ ಬಿಡಿ. ಓಟ ಮಾತ್ರ ಬಿಡಬಾರದು. 1.6 ಕಿಲೋಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿ ಆಯ್ಕೆಯಾದ ಹುಡುಗ, ರಿಸಲ್ಟ್ ಬಂತು ಅಂತ ಒಂದು ತಿಂಗಳು ಮಲಗಿದರೆ ಅಲ್ಲಿ ಮೊದಲ ವಾರವೇ ಕಾಲು ಕೈಕೊಡುತ್ತದೆ.

ಕಾಗದಪತ್ರ ನಿಮ್ಮ ಕೆಲಸ, ಅವನದಲ್ಲ. ನಮ್ಮ ಕಡೆ ದೊಡ್ಡ ತಲೆನೋವು ಹೆಸರು. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಡ್ಡಹೆಸರು ಮುಂದೆ. ಎಲ್ಲವನ್ನೂ ಹಾಸಿಗೆ ಮೇಲೆ ಹರಡಿ ಒಂದೊಂದೇ ಅಕ್ಷರ ಹೋಲಿಸಿ ನೋಡಿ. ತಂದೆ ತಾಯಿ ಹೆಸರನ್ನೂ ನೋಡಿ. ವ್ಯತ್ಯಾಸ ಇದ್ದರೆ ಆಧಾರ್ ಕೇಂದ್ರ, ನಾಡಕಚೇರಿ ಅಂತ ಈಗಲೇ ಓಡಾಡಿ. ಏನೇನು ತರಬೇಕು ಅನ್ನುವ ಪಟ್ಟಿ ಕಾಲ್ ಲೆಟರ್ ಜೊತೆ ಬರುತ್ತದೆ, ಅದರಂತೆಯೇ ಕಳಿಸಿ. ಪಕ್ಕದ ಮನೆಯವರು ಹೇಳಿದ್ದು, ಯೂಟ್ಯೂಬ್‌ನಲ್ಲಿ ಹೇಳಿದ್ದು ಬೇಡ.

371ಜೆ ವಿಷಯ ಒಂದೇ ಮಾತು. ಅದು ರಾಜ್ಯದ ಸೀಟು, ರಾಜ್ಯದ ನೌಕರಿಗೆ. ನೇವಿ ಕೇಂದ್ರದ್ದು, ಅಲ್ಲಿ ಅದಕ್ಕೆ ಕೆಲಸ ಇಲ್ಲ. ಆದರೆ ಮಾಡಿಸಿ ಎತ್ತಿಡಿ, ನಾಲ್ಕು ವರ್ಷ ಬಿಟ್ಟು ಬೇಕಾಗಬಹುದು. ಮತ್ತೆ, ‘ಒಳಗೆ ನಮ್ಮವರಿದ್ದಾರೆ, ಒಳ್ಳೇ ಪೋಸ್ಟ್ ಹಾಕಿಸುತ್ತೇವೆ’ ಅಂತ ಯಾರಾದರೂ ದುಡ್ಡು ಕೇಳಿಕೊಂಡು ಬಂದರೆ ಚಹಾ ಕೂಡ ಕೊಡಬೇಡಿ.

ಇನ್ನು ಅಸಲಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಬೆಂಬಲ ಅವನಿಗೆ ತಲುಪುವುದು ಫೋನಿನಲ್ಲಿ. ತರಬೇತಿಯಲ್ಲಿ ಮೊಬೈಲ್ ಯಾವಾಗಲೂ ಕೈಯಲ್ಲಿ ಇರುವುದಿಲ್ಲ. ನಮಗೆ ಸಾಮಾನ್ಯವಾಗಿ ಭಾನುವಾರ ಫೋನ್ ಬರುತ್ತಿತ್ತು, ಅದೂ ಸ್ವಲ್ಪ ಹೊತ್ತು. ಬಾರದ ಭಾನುವಾರವೂ ಇತ್ತು. ನನ್ನ ಹೆಂಡತಿ ಅವತ್ತು ಊಟಕ್ಕೆ ಕೂರುತ್ತಿರಲಿಲ್ಲ. ಫೋನ್ ಬರಲಿಲ್ಲ ಅಂದರೆ ಏನೋ ಆಗಿದೆ ಅಂತಲ್ಲ. ಬಟ್ಟೆ ಒಗೆಯುವುದು, ಬೂಟ್ ಪಾಲಿಶ್, ಮರುದಿನದ ಪರೇಡ್‌ನ ತಯಾರಿ, ಅವರಿಗೂ ಭಾನುವಾರ ಒಂದೇ ಇರುವುದು ಅಲ್ವಾ?

ಶುರುವಿನ ವಾರಗಳಲ್ಲಿ ಎಲ್ಲ ಮಕ್ಕಳ ಬಾಯಲ್ಲೂ ಒಂದು ಮಾತು ಬರುತ್ತದೆ, ‘ನನ್ನಿಂದ ಆಗಲ್ಲ.’ ಆಗ ಎರಡು ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತವೆ. ಅಮ್ಮಂದಿರದು ‘ಬಂದುಬಿಡು ಕಂದಾ.’ ಅಪ್ಪಂದಿರದು ‘ಊರ ಮಂದಿ ಏನಂತಾರೆ.’ ಎರಡನ್ನೂ ನುಂಗಿಕೊಳ್ಳಿ. ಮೊದಲನೆಯದು ಅವನ ಕಾಲಿನ ಕೆಳಗಿನ ನೆಲ ತೆಗೆಯುತ್ತದೆ. ಎರಡನೆಯದು ಕೇಳಿದ ಹುಡುಗ ಮುಂದಿನ ಸಲ ನಿಜ ಹೇಳುವುದೇ ಇಲ್ಲ. ಸಣ್ಣ ಸಣ್ಣದನ್ನು ಕೇಳಿ. ಇವತ್ತು ಏನು ತಿಂದಿ? ಪಕ್ಕದ ಹಾಸಿಗೆಯವನು ಯಾವ ಊರಿನವನು? ಬೂಟು ಕಚ್ಚಿದ ಗಾಯ ಒಣಗಿತಾ? ಮಾತಾಡುತ್ತಾ ಮಾತಾಡುತ್ತಾ ಅವರೇ ಸರಿಹೋಗುತ್ತಾರೆ. ನಮ್ಮ ಹುಡುಗಿ ಅಳುತ್ತಾ ಶುರು ಮಾಡಿ, ಹರಿಯಾಣದ ಗೆಳತಿಯರು ತನ್ನ ಹಿಂದಿಗೆ ನಗುವುದನ್ನು ಹೇಳುತ್ತಾ ತಾನೇ ನಕ್ಕು ಫೋನ್ ಇಟ್ಟಿದ್ದಳು. ನಮ್ಮ ನಿಜಾಮರ ಕಾಲದ ಹಿಂದಿ ಗೊತ್ತಲ್ಲ, ಬೇಡ ಅನ್ನಲು ‘ನಕ್ಕೋ’ ಅಂದರೆ ಅವರಿಗೆ ಅರ್ಥವೇ ಆಗುವುದಿಲ್ಲ! ಹಾಗಂತ ಆ ಹಿಂದಿ ಉಪಯೋಗಕ್ಕೆ ಬಾರದ್ದಲ್ಲ. ಕವಾಯತಿನ ಆದೇಶ ಹಿಂದಿಯಲ್ಲೇ ಇರುತ್ತದೆ. ರಾಯಚೂರಿನ ಹುಡುಗರಿಗೆ ಕಿವಿಯಾದರೂ ಪಳಗಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಧೈರ್ಯ ಹೇಳಿ ಸುಮ್ಮನಾಗಬಾರದು. ನೋವು. ದಿನಾ ಓಡಿ, ಪರೇಡ್ ಮಾಡಿ ಮೊಣಕಾಲಿನ ಕೆಳಗಿನ ಎಲುಬು ನೋಯಲು ಶುರುವಾಗುತ್ತದೆ. ಬ್ಯಾಚ್ ಹಿಂದೆ ಬಿದ್ದೀತು ಅಂತ ಹೆದರಿ ಮಕ್ಕಳು ಅದನ್ನು ಮುಚ್ಚಿಡುತ್ತಾರೆ. ಹಾಗೇ ಓಡಿದರೆ ಎಲುಬಿನಲ್ಲಿ ಸೀಳು ಬಿಡಬಹುದು. ಒಂದೇ ಜಾಗದಲ್ಲಿ ನೋವು, ರಾತ್ರಿಯೂ ನೋವು ಅಂದರೆ ಕೂಡಲೇ ಸಿಕ್ ಬೇಗೆ, ಅಂದರೆ ಅಲ್ಲಿನ ಚಿಕಿತ್ಸಾ ಕೊಠಡಿಗೆ ಹೋಗು ಅಂತ ಖಡಕ್ಕಾಗಿ ಹೇಳಿ. ಒಂದು ಬ್ಯಾಚ್ ತಡವಾದರೆ ಆಕಾಶ ಬೀಳುವುದಿಲ್ಲ. ಮನಸ್ಸಿನದೂ ಅಷ್ಟೇ. ಮನೆ ನೆನಪಾಗಿ ಅಳುವುದು ಬೇರೆ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮಾತೇ ಬರುತ್ತಿಲ್ಲ ಅನ್ನುವುದು ವಾರ ವಾರ ಮುಂದುವರಿದರೆ ಅದು ಬೇರೆ. ಪ್ರತಿ ತಂಡಕ್ಕೂ ಒಬ್ಬ ಡಿವಿಜನಲ್ ಆಫೀಸರ್ ಇರುತ್ತಾರೆ. ಮಕ್ಕಳ ಕಷ್ಟ ಸುಖ ನೋಡುವುದು ಅವರ ಕೆಲಸ. ಅವರಿಗೆ ಹೇಳಿಕೊಳ್ಳುವುದು ಚಾಡಿಯಲ್ಲ, ಹೇಡಿತನವೂ ಅಲ್ಲ ಅಂತ ಹೊರಡುವ ಮುಂಚೆಯೇ ಮಗನಿಗೆ ತಿಳಿಸಿ.

ಮನೆಯ ಸುದ್ದಿ ಎಷ್ಟು ಹೇಳಬೇಕು? ನಮ್ಮ ಜನ ಇಲ್ಲಿ ಜಾಣತನ ಮಾಡಲು ಹೋಗುತ್ತಾರೆ, ‘ಟ್ರೇನಿಂಗ್ ಮುಗಿಯಲಿ, ಆಮೇಲೆ ಹೇಳೋಣ’ ಅಂತ. ನನಗೆ ಅದು ಒಪ್ಪಿಗೆ ಇಲ್ಲ. ಒಂದು ಸಲ ಮುಚ್ಚಿಟ್ಟಿದ್ದು ಗೊತ್ತಾದರೆ, ಆಮೇಲೆ ನೀವು ‘ಎಲ್ಲಾ ಆರಾಮ’ ಅಂದಾಗಲೆಲ್ಲ ಅವನಿಗೆ ಅನುಮಾನ. ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಆ ಭಾನುವಾರವೇ ಹೇಳಿದೆವು, ಹೇಳಿ ಫೋನನ್ನು ಮುದುಕಿ ಕೈಗೇ ಕೊಟ್ಟೆವು. ಮಲಗಿದ್ದಲ್ಲಿಂದಲೇ ಓಣಿಗೆಲ್ಲ ಕೇಳುವಂತೆ ಕೂಗಿದಳು, ‘ಏನವ್ವಾ, ಹಡಗ ಹತ್ತಿದೇನ?’ ಆ ಕಡೆಯಿಂದ, ‘ಇಲ್ಲಬೇ ಅಜ್ಜಿ, ಹಡಗ ಇನ್ನೂ ಕಂಡೇ ಇಲ್ಲ. ಬರೇ ಓಡಸಾಕತ್ತಾರ!’ ಅಜ್ಜಿಗೆ ಇದು ಮೋಸ ಅನ್ನಿಸಿತು. ‘ಹಡಗ ತೋರಸಲಾರದ ಎಂಥಾ ನೌಕರಿ?’ ಅಂತ ಸಂಜೆವರೆಗೂ ನನ್ನನ್ನು ಬೈದಳು. ನಿಮ್ಮ ಮನೆಯಲ್ಲೂ ಹಿರಿಯರಿಗೆ ಹೇಳಿಡಿ. ಐಎನ್‌ಎಸ್ ಚಿಲ್ಕಾ ನೆಲದ ಮೇಲಿನ ತರಬೇತಿ ಕೇಂದ್ರ. ಅಲ್ಲಿ ಸುಮಾರು ನಾಲ್ಕು ತಿಂಗಳು. ಆಮೇಲೆ ಅವನಿಗೆ ಸಿಕ್ಕ ಕೆಲಸದ ಮೇಲೆ ಬೇರೆ ಬೇರೆ ಕಡೆ ಕಲಿಸುತ್ತಾರೆ. ಎಂಜಿನ್ ಕೆಲಸಕ್ಕೆ ಲೋಣಾವಳದ ಐಎನ್‌ಎಸ್ ಶಿವಾಜಿ, ಎಲೆಕ್ಟ್ರಿಕಲ್‌ಗೆ ಜಾಮ್‌ನಗರದ ಐಎನ್‌ಎಸ್ ವಲ್ಸುರಾ. ನಮ್ಮವಳಿಗೆ ಎಲೆಕ್ಟ್ರಿಕಲ್ ಸಿಕ್ಕಿತು. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ಬೆಳೆದವಳು, ನನಗೆ ಆದ ಖುಷಿ ನಾನು ಯಾರಿಗೂ ತೋರಿಸಲಿಲ್ಲ.

ದುಡ್ಡಿನ ಮಾತು ಮನೆಯಲ್ಲಿ ಮೊದಲೇ ಆಗಿಬಿಡಲಿ. ಅಗ್ನಿವೀರರಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ನೂರಕ್ಕೆ 30 ಭಾಗ ಸೇವಾ ನಿಧಿಗೆ ಹೋಗಿ ಕೈಗೆ ಬರುವುದು 21,000. ನಾಲ್ಕನೇ ವರ್ಷಕ್ಕೆ ಸಂಬಳ 40,000, ಕೈಗೆ 28,000. ಕಡಿತ ಮಾಡಿದಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಬರುತ್ತದೆ, ಅದಕ್ಕೆ ತೆರಿಗೆ ಇಲ್ಲ. ಪಿಂಚಣಿ ಇಲ್ಲ. ನೂರರಲ್ಲಿ ಹೆಚ್ಚೆಂದರೆ 25 ಮಂದಿಯನ್ನು ಮುಂದುವರಿಸುತ್ತಾರೆ. ಈ 25ರಲ್ಲಿ ನನ್ನ ಮಗ ಇದ್ದೇ ಇರುತ್ತಾನೆ ಅಂತ ಲೆಕ್ಕ ಹಾಕಿ ಟ್ರ್ಯಾಕ್ಟರ್ ಸಾಲ ತೆಗೆಯುವ ಅಪ್ಪಂದಿರನ್ನು ನೋಡಿದ್ದೇನೆ. 11 ಲಕ್ಷದ ಸುದ್ದಿ ಕೇಳಿದ ಮೇಲೆ ಕೈಗಡ ಕೇಳುವ ಮಾವಂದಿರನ್ನೂ ನೋಡಿದ್ದೇನೆ. ಆ ದುಡ್ಡು ಅವನದು, ಅವನ ಎರಡನೇ ಬದುಕಿನ ಬಂಡವಾಳ. ಯಾವ ಶುಭಕಾರ್ಯಕ್ಕೂ ಅದನ್ನು ಈಗಿನಿಂದಲೇ ಬರೆದಿಡಬೇಡಿ. ಹೊರಬಂದ ಮೇಲೆ ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಇದೆ, ಮರ್ಚೆಂಟ್ ನೇವಿಗೆ ಹೋಗುವ ದಾರಿಗಳನ್ನೂ ಸರ್ಕಾರ 2022ರಲ್ಲೇ ಪ್ರಕಟಿಸಿದೆ. ಇಗ್ನೋದಿಂದ ಡಿಗ್ರಿ ಮಾಡುವ ವ್ಯವಸ್ಥೆಯೂ ಇದೆ. ಈ ಡಿಗ್ರಿ ವಿಷಯದಲ್ಲಿ ಮಾತ್ರ ಸ್ವಲ್ಪ ಬೆನ್ನು ಹತ್ತಿ. ಕೈಗೆ ಸಂಬಳ ಬಂದ ಮೇಲೆ ಓದು ಯಾರಿಗೆ ಬೇಕು ಹೇಳಿ?

ಇನ್ನೊಂದು, ನಮ್ಮ ಕಡೆಯವರಿಗಂತೂ ಹೇಳಲೇಬೇಕು. ಈ ನಾಲ್ಕು ವರ್ಷ ಮದುವೆ ಆಗುವಂತಿಲ್ಲ. ಮದುವೆಯಾದರೆ ನೌಕರಿಯಿಂದ ತೆಗೆಯುತ್ತಾರೆ. ‘ಸುಮ್ನೆ ನಿಶ್ಚಯ ಮಾಡಿಟ್ಟಿರೋಣ, ತಾಳಿ ಆಮೇಲೆ’ ಅಂತ ಸೋದರಮಾವ ಬಂದೇ ಬರುತ್ತಾನೆ. ಹುಡುಗಿಯ ಅಪ್ಪನಾಗಿ ನಾನು ಇದನ್ನು ಬೇಕಾದಷ್ಟು ಕೇಳಿದ್ದೇನೆ. ನೇವಿಯ ನಿಯಮದ ಕಾಗದ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ವಿಷಯದಲ್ಲಿ ನೇವಿ ನನಗೆ ಬಹಳ ಉಪಕಾರ ಮಾಡಿದೆ!

ತಿನ್ನಲು ಏನು ಕಳಿಸಬೇಕು ಅಂತ ಕೇಳಿದ್ದೀರಿ. ರೈಲಿನ ದಾರಿಗೆ ಕಟಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಶೇಂಗಾ ಹೋಳಿಗೆ ಕಟ್ಟಿಕೊಡಿ, ಅಷ್ಟು ಸಾಕು. ಮುಂದೆ ಪಾರ್ಸೆಲ್ ಮಾಡುವ ಮುಂಚೆ ಅವನನ್ನೇ ಕೇಳಿ, ಒಳಗೆ ಬಿಡುತ್ತಾರೋ ಇಲ್ಲವೋ ಅವನಿಗೇ ಗೊತ್ತಿರುತ್ತದೆ. ಅಲ್ಲಿ ಊಟ ಹೊಟ್ಟೆ ತುಂಬ ಇರುತ್ತದೆ. ಜೋಳದ ರೊಟ್ಟಿ ಇರುವುದಿಲ್ಲ ಅಷ್ಟೇ.

ಪಾಸಿಂಗ್ ಔಟ್ ಪರೇಡ್‌ಗೆ ಮಾತ್ರ ಇಬ್ಬರೂ ಹೋಗಿ. ಭತ್ತದ ಕಟಾವು ಇದ್ದರೂ ಹೋಗಿ. ಮೊದಲ ಅಗ್ನಿವೀರ್ ತಂಡದ ಪರೇಡ್ 2023ರ ಮಾರ್ಚ್ 28ರಂದು ಸೂರ್ಯ ಮುಳುಗಿದ ಮೇಲೆ ದೀಪದ ಬೆಳಕಲ್ಲಿ ನಡೆದಿತ್ತು. ಸುಮಾರು 2,600 ಮಂದಿ, ಅವರಲ್ಲಿ 273 ಹುಡುಗಿಯರು. ಆ ವಿಡಿಯೊ ನೋಡಿಯೇ ನನ್ನ ಮಗಳು ಅರ್ಜಿ ಹಾಕಿದ್ದು. ಬಿಳಿ ಸಮವಸ್ತ್ರದಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ, ನಿಮ್ಮವನನ್ನು ಹುಡುಕಲು ಕಷ್ಟವಾಗುತ್ತದೆ. ಯಾವ ಸಾಲು, ಎಷ್ಟನೆಯವನು ಅಂತ ಮೊದಲೇ ಫೋನಿನಲ್ಲಿ ಕೇಳಿಟ್ಟುಕೊಳ್ಳಿ. ರೈಲಿಗೆ ನೀವು ಬಳ್ಳಾರಿಗೆ ಬಂದರೆ ಸುಲಭ. ಅಮರಾವತಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ, ವಿಶಾಖಪಟ್ಟಣದ ಮೇಲೆ ಖುರ್ದಾ ರೋಡ್‌ಗೆ ಹೋಗುತ್ತದೆ. ಅಲ್ಲಿಂದ ಚಿಲ್ಕಾಗೆ ಹತ್ತಿರದ ಸ್ಟೇಷನ್ ಬಾಲುಗಾಂವ್‌ಗೆ ಬೇರೆ ಗಾಡಿ ಹಿಡಿಯಬಹುದು. ಅಮರಾವತಿ ದಿನಾ ಓಡುವ ಗಾಡಿಯಲ್ಲ, ಹಾಗಾಗಿ ಪರೇಡ್ ದಿನ ಗೊತ್ತಾದ ಕೂಡಲೇ ಟಿಕೆಟ್ ಮಾಡಿಸಿ. ತತ್ಕಾಲ್ ನಂಬಿ ಕೂರಬೇಡಿ.