ಬಿಸಿಲಿಗೆ ಔಷಧಿ ಒಡೆಯುವ ಪುಡಿ: ಹಳ್ಳದ ನೀರಿಗೆ ಹಾಕಬಹುದೇ?

ಪ್ರಶ್ನೆ: ನಮ್ಮದು ಹುಬ್ಬಳ್ಳಿ ಹತ್ತಿರದ ಹಳ್ಳಿ. ಊರ ಕೊಳಚೆ ಹರಿಯುವ ಹಳ್ಳಕ್ಕೆ ಪಂಪ್ ಹಚ್ಚಿ, ಹೊಂಡ ತುಂಬಿಸಿ, ಆ ನೀರನ್ನೇ ಹೊಲಕ್ಕೆ ಬಿಡುತ್ತೇವೆ. ಅದರಲ್ಲಿ ಜನ ನುಂಗುವ ಔಷಧಿಯ ಅಂಶ ಇರುತ್ತದಂತೆ. ಬೆಳ್ಳಿ ಬೆರೆಸಿದ ಒಂದು ಪುಡಿ ಹಾಕಿ ಬಿಸಿಲಿಗಿಟ್ಟರೆ ಅದು ಹೋಗುತ್ತದೆ ಅಂತ ಕಾಲೇಜಿಗೆ ಹೋಗುವ ಮಗ ಹೇಳುತ್ತಾನೆ. ನಿಜವೇ? ಹೊಂಡಕ್ಕೆ, ಕುಡಿಯುವ ನೀರಿಗೆ ಹಾಕಬಹುದೇ?
– ಒಬ್ಬ ರೈತ ಓದುಗರು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಆದರೆ ಹೊಂಡಕ್ಕೆ ಹಾಕಬೇಡಿ, ಕುಡಿಯುವ ನೀರಿಗಂತೂ ಬೇಡವೇ ಬೇಡ.

ನುಂಗಿದ ಗುಳಿಗೆಯೆಲ್ಲ ಮೈಯಲ್ಲೇ ಮುಗಿದುಹೋಗುವುದಿಲ್ಲ. ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ತಗೊಂಡರೆ ಶೇ. 40ರಿಂದ 50ರಷ್ಟು ಇದ್ದ ಹಾಗೇ ಮೂತ್ರದಲ್ಲಿ ಹೊರಬೀಳುತ್ತದೆ. ಕೊಳಚೆ ಶುದ್ಧೀಕರಣ ಘಟಕದಲ್ಲಿ ಬ್ಯಾಕ್ಟೀರಿಯಾ ಹೊಲಸನ್ನು ತಿನ್ನುತ್ತವೆ, ಸರಿ, ಆದರೆ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್‌ನಂಥ ಔಷಧಿ ಅವಕ್ಕೆ ಜಗ್ಗುವುದಿಲ್ಲ, ಬಹುಪಾಲು ಹಾಗೇ ದಾಟಿ ಬರುತ್ತದೆ.

ಇಲ್ಲಿ ಆ ಪುಡಿಯ ಕೆಲಸ. ಅದು ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್, ಗೋಡೆಗೆ ಹಚ್ಚುವ ಬಿಳಿ ಪೇಂಟ್‌ನಲ್ಲೂ ಇರುತ್ತದೆ. ಬೆಳಕು ಬಿದ್ದಾಗ ಇದು ನೀರನ್ನು ಒಡೆಯಬಲ್ಲದು ಅಂತ 1972ರಲ್ಲಿ ಜಪಾನಿನ ವಿಜ್ಞಾನಿಗಳಾದ ಫುಜಿಶಿಮಾ ಮತ್ತು ಹೋಂಡಾ ಬರೆದ ಮೇಲೆ ಇದರ ಮೇಲೆ ಸಂಶೋಧನೆ ಜೋರಾಯಿತು. ಬೆಳಕು ತಾಗಿದಾಗ ಪುಡಿಯೊಳಗೆ ಎಲೆಕ್ಟ್ರಾನ್ ಎದ್ದು ಹಾರುತ್ತದೆ, ಅದರ ಜಾಗ ಖಾಲಿಯಾಗುತ್ತದೆ, ಇವೆರಡೂ ನೀರು ಮತ್ತು ಆಮ್ಲಜನಕದ ಜೊತೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನುವ ತೀರಾ ಚುರುಕಾದ ಕಣ ಹುಟ್ಟುತ್ತದೆ. ಅದು ಔಷಧಿಯ ಅಣುವನ್ನು ಚೂರು ಚೂರು ಮಾಡುತ್ತದೆ.

ತೊಡಕು ಏನಂದ್ರೆ, ಬರೀ ಪುಡಿಗೆ ಅತಿನೇರಳೆ ಕಿರಣವೇ ಬೇಕು, ನಮ್ಮ ಬಿಸಿಲಿನಲ್ಲಿ ಅದು ಶೇ. 5ರಷ್ಟು ಮಾತ್ರ. ಮೇಲಾಗಿ ಹಾರಿದ ಎಲೆಕ್ಟ್ರಾನ್ ಕ್ಷಣದಲ್ಲೇ ವಾಪಸ್ ಬಿದ್ದುಬಿಡುತ್ತದೆ. ಅದಕ್ಕೇ ಚೂರು ಬೆಳ್ಳಿ, ಕಬ್ಬಿಣ ಅಥವಾ ತಾಮ್ರ ಸೇರಿಸುತ್ತಾರೆ. ಆಗ ಕಣ್ಣಿಗೆ ಕಾಣುವ ಬೆಳಕೂ ಉಪಯೋಗಕ್ಕೆ ಬರುತ್ತದೆ, ಎಲೆಕ್ಟ್ರಾನ್ ಸ್ವಲ್ಪ ಹೊತ್ತು ತಡೆದು ನಿಲ್ಲುತ್ತದೆ. ಲೋಹ ಜಾಸ್ತಿಯಾದರೆ ಮತ್ತೆ ಕೆಲಸ ಕುಂದುತ್ತದೆ.

ನಿಮ್ಮ ಹೊಂಡದಲ್ಲಿ ಇದು ಯಾಕೆ ನಡೆಯುವುದಿಲ್ಲ? ಕದಡಿದ ನೀರಿನೊಳಗೆ ಬೆಳಕು ಇಳಿಯುವುದಿಲ್ಲ. ರ‍್ಯಾಡಿಕಲ್‌ಗೆ ಔಷಧಿ ಯಾವುದು, ಹೊಲಸು ಯಾವುದು ಅನ್ನುವ ಭೇದವಿಲ್ಲ. ಸವುಳು ನೀರಿನ ಬೈಕಾರ್ಬನೇಟ್ ಕೂಡ ಅದನ್ನು ನುಂಗುತ್ತದೆ. ಇನ್ನು ಆ ಪುಡಿ ಎಷ್ಟು ನಯ ಅಂದ್ರೆ ತಳಕ್ಕೆ ಕೂರುವುದಿಲ್ಲ, ನೀರಿನ ಜೊತೆ ಹೊಲ ಸೇರುತ್ತದೆ, ಬೆಳ್ಳಿ ಬಿಟ್ಟುಕೊಂಡರೆ ಮಣ್ಣಿನ ಸೂಕ್ಷ್ಮಜೀವಿಗಳಿಗೇ ಕುತ್ತು. ಅರ್ಧಂಬರ್ಧ ಒಡೆದ ಔಷಧಿ ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ವಿಷಕಾರಿ, ನನಗೆ ಹೆಚ್ಚು ಚಿಂತೆ ಇದೇ. ಇದಕ್ಕೆ ಸರಿಯಾದ ಜಾಗ ಶುದ್ಧೀಕರಣ ಘಟಕದ ಕೊನೆಯ ಹಂತ, ತಿಳಿಯಾದ ನೀರಿನಲ್ಲಿ, ಪುಡಿಯನ್ನು ಗಾಜಿಗೋ ಮಣಿಗೋ ಅಂಟಿಸಿ ಬಳಸಬೇಕು.

ಸದ್ಯಕ್ಕೆ ನಿಮಗೆ ಔಷಧಿಗಿಂತ ದೊಡ್ಡ ಅಪಾಯ ರೋಗಾಣು ಮತ್ತು ಜಂತುಹುಳ. ಕೊತ್ತಂಬರಿ, ಮೂಲಂಗಿ, ಹಸಿಯಾಗಿ ತಿನ್ನುವ ಮೆಂತ್ಯೆ ಸೊಪ್ಪಿಗೆ ಹಳ್ಳದ ನೀರು ಬಿಡಬೇಡಿ, ಬೋರ್ ಇದ್ದರೆ ಅದನ್ನು ಬಳಸಿ. ನೀರು ಹಾಯಿಸುವಾಗ ಗಂಬೂಟು ಹಾಕಿಕೊಳ್ಳಿ. ಹಳೇ ಗುಳಿಗೆ, ಸಿರಪ್ ಬಚ್ಚಲಿಗೆ ಸುರಿಯಬೇಡಿ.

ಮಗನಿಗೆ ಒಂದು ಮಾತು ಹೇಳಿ: ಪ್ರಯೋಗ ಮಾಡುವುದಿದ್ದರೆ ಬಟ್ಟಿ ಇಳಿಸಿದ ನೀರಿನ ಜೊತೆಗೆ ಹಳ್ಳದ ನೀರನ್ನೂ ಒಯ್ಯಲಿ. ಔಷಧಿ ಎಷ್ಟು ಹೋಯಿತು ಅನ್ನೋದರ ಜೊತೆ ಒಟ್ಟು ಸಾವಯವ ಇಂಗಾಲ ಎಷ್ಟು ಉಳಿಯಿತು (ಅರ್ಧಂಬರ್ಧ ಒಡೆದ ಚೂರು ಉಳಿದಿದ್ದರೆ ಇದರಲ್ಲಿ ಗೊತ್ತಾಗುತ್ತದೆ), ನೀರಿಗೆ ಬೆಳ್ಳಿ ಎಷ್ಟು ಇಳಿಯಿತು ಅಂತಲೂ ಅಳೆಯಲಿ.