ಸ್ಕ್ರಮ್ ಹೆಸರಲ್ಲಿ ನಾನು ಕಟ್ಟಿದ ವಾಟರ್‌ಫಾಲ್

ವಾಟರ್‌ಫಾಲ್ (ಒಂದು ಹಂತ ಪೂರ್ತಿ ಮುಗಿದ ಮೇಲೆ ಮುಂದಿನದು), ಸ್ಪೈರಲ್, ಸ್ಕ್ರಮ್, ಕಾನ್‌ಬಾನ್, ಸಾಫ್ಟ್‌ವೇರ್ ಕಟ್ಟುವ ಈ ನಾಲ್ಕು ವಿಧಾನಗಳನ್ನು ಹೋಲಿಸಿ ಪಟ್ಟಿ ಮಾಡಿ ಅಂತ ಮ್ಯಾನೇಜರ್ ಹೇಳಿದ್ದಾರೆ, ಹೊಸ ಪ್ರಾಜೆಕ್ಟ್‌ಗೆ ಯಾವುದು ಆರಿಸಲಿ ಅಂತ ಕೇಳಿದ್ದೀರಿ. ಆ ಪಟ್ಟಿ ನಾನೂ ಮಾಡಿದ್ದೆ. ನಾಲ್ಕು ಕಾಲಂ, ಅನುಕೂಲಕ್ಕೆ ಹಸಿರು, ಅನಾನುಕೂಲಕ್ಕೆ ಕೆಂಪು. ಸ್ಕ್ರಮ್ ಕಾಲಂ ತುಂಬಾ ಹಸಿರು. ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸಿದರು.

ಹದಿನೈದು ವರ್ಷದಿಂದ ಓಡುತ್ತಿದ್ದ ಗ್ರಾಹಕ ಖಾತೆಗಳ ಸಾಫ್ಟ್‌ವೇರ್ ತೆಗೆದು ಹೊಸದು ಕೂರಿಸುವ ಕೆಲಸ ಅದು. ಆರು ಜನರ ತಂಡ, ನಾನೇ ಲೀಡ್. ಸ್ಕ್ರಮ್ ಹೇಳುವಂತೆ ಎರಡು ವಾರಕ್ಕೊಂದು ಸ್ಪ್ರಿಂಟ್ ಅನ್ನುವ ಕೆಲಸದ ಸುತ್ತು, ದಿನಾ ಹದಿನೈದು ನಿಮಿಷದ ಸ್ಟ್ಯಾಂಡಪ್ ಮೀಟಿಂಗ್, ಕೊನೆಗೆ ಆದ ಕೆಲಸ ತೋರಿಸುವ ಡೆಮೊ, ಆಮೇಲೆ ಏನು ಸರಿ ಏನು ತಪ್ಪು ಅಂತ ಮಾತಾಡುವ ರೆಟ್ರೊ. ಒಂದನ್ನೂ ತಪ್ಪಿಸಲಿಲ್ಲ. ಎಂಟು ಸ್ಪ್ರಿಂಟ್, ಎಂಟು ಡೆಮೊ, ಎಂಟು ಸಲವೂ ಚಪ್ಪಾಳೆ.

ನನ್ನ ತಪ್ಪು ಏನು ಅಂದರೆ, ಡೆಮೊದಲ್ಲಿ ತೋರಿಸುತ್ತಿದ್ದ ಡೇಟಾ ನಾನೇ ಕೂತು ತುಂಬಿದ್ದು. ನಲವತ್ತು ಖಾತೆ. ಒಬ್ಬರಿಗೆ ಒಂದು ಖಾತೆ, ಒಂದು ಫೋನ್ ನಂಬರ್, ಸರಿಯಾದ ದಿನಾಂಕ. ಹಳೆಯ ಡೇಟಾವನ್ನು ಹೊಸದಕ್ಕೆ ತರುವ ಕೆಲಸದ ಕಾರ್ಡ್ ಬ್ಯಾಕ್‌ಲಾಗ್‌ನ, ಅಂದರೆ ಬಾಕಿ ಕೆಲಸಗಳ ಪಟ್ಟಿಯ, ತಳದಲ್ಲೇ ಬಿದ್ದಿತ್ತು. ಪ್ರತಿ ಪ್ಲ್ಯಾನಿಂಗ್‌ನಲ್ಲೂ ಯಾರಾದರೂ ಅದನ್ನು ಎತ್ತುತ್ತಿದ್ದರು. "ಡೇಟಾ ಟೇಬಲ್‌ಗಳು ಇನ್ನೂ ಬದಲಾಗ್ತಿವೆ, ಈಗ ಡೇಟಾ ತರೋ ಸ್ಕ್ರಿಪ್ಟ್ ಬರೆದರೆ ಎರಡು ಸಲ ಬರೀಬೇಕಾಗುತ್ತೆ" ಅಂತ ನಾನು ಮತ್ತೆ ಕೆಳಗೆ ತಳ್ಳುತ್ತಿದ್ದೆ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. ಕೋಡ್, ರಿವ್ಯೂ, ಟೆಸ್ಟ್ ಆದರೆ ಕೆಲಸ 'ಡನ್' ಅಂತ ಗೋಡೆ ಮೇಲೆ ಬರೆದಿದ್ದೆವು. ನಿಜವಾದ ಡೇಟಾ ಮೇಲೆ ಓಡಬೇಕು ಅನ್ನುವುದು ಅಲ್ಲಿ ಇರಲೇ ಇಲ್ಲ.

ಒಂಬತ್ತನೇ ಸ್ಪ್ರಿಂಟ್‌ನ ಮೊದಲ ದಿನ ಹಳೆಯ ಡೇಟಾ ಲೋಡ್ ಮಾಡಿದೆವು. ಮೂರರಲ್ಲಿ ಒಂದು ಖಾತೆ ಒಳಗೇ ಬರಲಿಲ್ಲ. ಕೆಲವಕ್ಕೆ ಖಾತೆ ಸಂಖ್ಯೆಯ ಕೊನೆಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್. ಕೆಲವರು ಹುಟ್ಟುವ ಮೊದಲೇ ಖಾತೆ ತೆರೆದಿದ್ದರು. ಇವೆಲ್ಲ ಒಂದು ವಾರದ ಕೆಲಸ, ಬಿಡಿ. ನಮ್ಮನ್ನು ಮುಳುಗಿಸಿದ್ದು 'ಷರಾ' ಅನ್ನುವ ಕಾಲಂ. ಹಳೆಯ ಸಾಫ್ಟ್‌ವೇರ್‌ನಲ್ಲಿ ಜಾಗ ಇಲ್ಲದ್ದನ್ನೆಲ್ಲ ಸಿಬ್ಬಂದಿ ಅಲ್ಲಿ ಟೈಪ್ ಮಾಡಿಟ್ಟಿದ್ದರು. "ಬಾಕಿ 4417ಕ್ಕೆ ಸೇರಿಸಿ." "ತೀರಿಕೊಂಡರು, ಮಗನ ಹೆಸರಿಗೆ." "ಬಡ್ಡಿ ಹಾಕಬೇಡಿ." ಆ ಕಂಪನಿಯ ನಿಯಮಗಳಲ್ಲಿ ಅರ್ಧ ಆ ಕಾಲಂನಲ್ಲೇ ಇದ್ದವು. ನಾವು ಅದನ್ನು ಐವತ್ತು ಅಕ್ಷರಕ್ಕೆ ಕತ್ತರಿಸಿ, ಪರದೆಯ ಮೂಲೆಯಲ್ಲಿ ಇಟ್ಟಿದ್ದೆವು. ಒಬ್ಬರಿಗೆ ಒಂದೇ ಖಾತೆ ಅಂದುಕೊಂಡು ಎರಡನೇ ಸ್ಪ್ರಿಂಟ್‌ನಲ್ಲಿ ಬರೆದ ಬಡ್ಡಿ ಲೆಕ್ಕ ತಪ್ಪು. ಅದರ ಮೇಲೆ ಕಟ್ಟಿದ ಬಿಲ್ ತಪ್ಪು, ವರದಿಗಳೂ ತಪ್ಪು. ಎಂಟು ಸ್ಪ್ರಿಂಟ್‌ನ ಕೆಲಸದಲ್ಲಿ ಐದು ಸ್ಪ್ರಿಂಟ್‌ನಷ್ಟನ್ನು ಮತ್ತೆ ಮಾಡಿದೆವು. (ಡೆಮೊಗೆ ಬರುತ್ತಿದ್ದವರು ಮೇಲಧಿಕಾರಿಗಳು. ಷರಾ ತುಂಬುತ್ತಿದ್ದವರನ್ನು ಒಂದು ದಿನವೂ ಕರೆದಿರಲಿಲ್ಲ.)

ಇದೆಲ್ಲ ಆದಮೇಲೆ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ವಿನ್‌ಸ್ಟನ್ ರಾಯ್ಸ್ ಅವರ 1970ರ ಲೇಖನ ಓದಿದೆ. ವಾಟರ್‌ಫಾಲ್ ಹುಟ್ಟಿದ್ದು ಅಲ್ಲಿ ಅಂತ ಎಲ್ಲರೂ ತೋರಿಸುತ್ತಾರೆ. ಆದರೆ ಅದರಲ್ಲಿ ಆ ಪದವೇ ಇಲ್ಲ. ಮೆಟ್ಟಿಲು ಇಳಿದಂತೆ ಹಂತಗಳ ಚಿತ್ರ ಬಿಡಿಸಿ, ಇದನ್ನು ಹೀಗೇ ಮಾಡಿದರೆ ಅಪಾಯ, ಟೆಸ್ಟಿಂಗ್ ಕೊನೆಗೆ ಬರುವುದರಿಂದ ತಪ್ಪು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ ಅನ್ನುತ್ತಾರೆ. ಸ್ಕ್ರಮ್ ಅಂತ ಹೇಳಿಕೊಂಡು ನಾನು ಮಾಡಿದ್ದೂ ಅದನ್ನೇ. ಹೊಸ ಬಗೆಯ ಕೆಲಸವಾದರೆ ಎರಡು ಸಲ ಮಾಡಿ, ಗ್ರಾಹಕರಿಗೆ ಎರಡನೆಯದನ್ನು ಕೊಡಿ ಅಂತ ಅವರ ಸಲಹೆ. ಎರಡು ಸಲ ಬರೆಯಬೇಕಾಗುತ್ತೆ ಅಂತ ಹೆದರಿದವನು ನಾನು!

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಅನ್ನಿಸುವುದಿಲ್ಲ. ಹೆಸರು ಯಾವುದಾದರೂ ಇರಲಿ, ನೀವು ಯಾವ ಕೆಲಸವನ್ನು 'ಆಮೇಲೆ ನೋಡೋಣ' ಅಂತ ತಳ್ಳುತ್ತಿದ್ದೀರೋ ಅದನ್ನು ಮೊದಲು ಎತ್ತಿಕೊಳ್ಳಿ. ಇನ್ನೊಬ್ಬ ಸಾಫ್ಟ್‌ವೇರ್ ತಜ್ಞ ಬ್ಯಾರಿ ಬೋಮ್ 1986ರಲ್ಲಿ ಸ್ಪೈರಲ್ ಮಾದರಿಯಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಪ್ರತಿ ಸುತ್ತಿನಲ್ಲೂ ಎಲ್ಲಿ ಅಪಾಯ ಜಾಸ್ತಿ ಅಂತ ಹುಡುಕಿ, ಮೊದಲು ಅದಕ್ಕೆ ಕೈಹಾಕುವುದು. ನನ್ನ ಪಟ್ಟಿಯಲ್ಲಿ ಸ್ಪೈರಲ್‌ಗೆ 'ಹಳೆಯದು, ಜಟಿಲ' ಅಂತ ಕೆಂಪು ಹಾಕಿದ್ದೆ.

ಉಳಿದವು ಬೇಗ ಹೇಳುತ್ತೇನೆ. ಟಿಕೆಟ್, ಅಂದರೆ ದೂರು, ಬಂದಂತೆ ಬಗೆಹರಿಸುವ ಸಪೋರ್ಟ್ ಕೆಲಸವಾದರೆ ಕಾನ್‌ಬಾನ್, ಅಂದರೆ ಕೆಲಸಗಳನ್ನು ಕಾರ್ಡ್ ಮಾಡಿ ಬೋರ್ಡ್ ಮೇಲೆ ಸರಿಸುತ್ತಾ ಹೋಗುವುದು. ಆದರೆ ಒಂದು ಸಲಕ್ಕೆ ಎಷ್ಟು ಕಾರ್ಡ್ ಕೈಯಲ್ಲಿರಬಹುದು ಅಂತ ಮಿತಿ ಹಾಕದಿದ್ದರೆ ಅದು ಸುಮ್ನೆ ಬಣ್ಣದ ಚೀಟಿ ಅಂಟಿಸಿದ ಬೋರ್ಡ್. ವಾಟರ್‌ಫಾಲ್ ಅಂದರೆ ಮೂಗು ಮುರಿಯಬೇಡಿ. ಏನು ಬೇಕು ಅನ್ನುವುದು ಪೂರ್ತಿ ಗೊತ್ತಿದ್ದು, ಬದಲಾಗುವುದಿಲ್ಲ ಅನ್ನುವ ಕಡೆ ಅದು ನಡೆಯುತ್ತದೆ. ಸ್ಕ್ರಮ್ ಕೂಡ ಕೆಟ್ಟದ್ದೇನಲ್ಲ, ನಾನು ಈಗಲೂ ಬಳಸುತ್ತೇನೆ. ಮೊದಲ ವಾರವೇ ನಿಜವಾದ ಡೇಟಾದ ಒಂದು ಪ್ರತಿ ಕೇಳುತ್ತೇನೆ, ಹೆಸರು ಫೋನ್ ನಂಬರ್ ಮರೆಮಾಡಿ ಕೊಟ್ಟರೂ ಸಾಕು. ಅದು ಸಿಗುವ ತನಕ ಡೆಮೊ ಇಡುವುದಿಲ್ಲ.

ಮ್ಯಾನೇಜರ್‌ಗೆ ಪಟ್ಟಿ ಬೇಕೇ ಬೇಕು ಅಂದರೆ ಕೊಡಿ, ಆದರೆ ಕೆಳಗೆ ಇನ್ನೊಂದು ಸಾಲು ಸೇರಿಸಿ: 'ನಿಜವಾದ ಡೇಟಾ ಮೇಲೆ ಮೊದಲ ಸಲ ಓಡುವುದು ಯಾವ ವಾರ?' ನನ್ನ ಪಟ್ಟಿಯಲ್ಲಿ ಆ ಸಾಲು ಇದ್ದಿದ್ದರೆ, ಅಷ್ಟು ಹಸಿರಿದ್ದ ಸ್ಕ್ರಮ್ ಕಾಲಂನಲ್ಲಿ 17 ಅಂತ ಬರೆಯಬೇಕಾಗುತ್ತಿತ್ತು.